ಅನುಕೂಲ ಯಾರಿಗೆ, ಅಪಾಯ ಯಾರಿಂದ: ಡೆಸ್ಕ್‌ಟಾಪ್, ಸರ್ವರ್ ಮತ್ತು ಡೀಫಾಲ್ಟ್ ಸೆಟ್ಟಿಂಗ್‌ಗಳು

2009ರ ನವೆಂಬರ್‌ನಲ್ಲಿ ಬಿಡುಗಡೆಯಾದ ಫೆಡೋರಾ 12 ಎಂಬ ಲಿನಕ್ಸ್ ಆವೃತ್ತಿಯಲ್ಲಿ, ಕಂಪ್ಯೂಟರಿನ ಮುಂದೆ ಕುಳಿತು ಲಾಗಿನ್ ಆದ ಯಾವುದೇ ಸಾಮಾನ್ಯ ಬಳಕೆದಾರ ಫೆಡೋರಾದ ಅಧಿಕೃತ ಭಂಡಾರದಲ್ಲಿರುವ ತಂತ್ರಾಂಶಗಳನ್ನು, ಯಂತ್ರದ ಮೇಲೆ ಪೂರ್ಣ ಅಧಿಕಾರವಿರುವ ‘ರೂಟ್’ ಖಾತೆಯ ಪಾಸ್‌ವರ್ಡ್ ಕೊಡದೆಯೇ ಇನ್‌ಸ್ಟಾಲ್ ಮಾಡಬಹುದಾಗಿತ್ತು. ಮನೆಯ ಲ್ಯಾಪ್‌ಟಾಪನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ ಇದು ಸಹಜವೇ ಆಗಿತ್ತು. ಅಂಥ ಯಂತ್ರಕ್ಕೆ ಒಬ್ಬರೇ ಒಡೆಯರು, ರೂಟ್ ಪಾಸ್‌ವರ್ಡ್ ಅವರಿಗೇ ಗೊತ್ತಿರುತ್ತದೆ, ಬರುವ ತಂತ್ರಾಂಶಕ್ಕೆ ಡಿಜಿಟಲ್ ಸಹಿಯೂ ಇರುತ್ತದೆ. ಹಾಗಿರುವಾಗ ಪ್ರತಿ ಸಲ ಪಾಸ್‌ವರ್ಡ್ ಕೇಳಿ ಯಾರನ್ನು ಯಾರಿಂದ ಕಾಪಾಡಿದಂತಾಗುತ್ತದೆ? ಆದರೆ ಅದೇ ಫೆಡೋರಾವನ್ನು ಕಾಲೇಜಿನ ಲ್ಯಾಬ್‌ಗಳಲ್ಲಿ, ಹತ್ತಾರು ಜನ ಹಂಚಿಕೊಂಡು ಬಳಸುವ ಯಂತ್ರಗಳಲ್ಲಿ ನಡೆಸುವ ನಿರ್ವಾಹಕರಿಗೆ ಇದು ಆಘಾತವಾಗಿತ್ತು. ತಮ್ಮ ಅರಿವಿಗೇ ಬಾರದಂತೆ ಯಾರೋ ಒಂದು ವಿದ್ಯಾರ್ಥಿ ಖಾತೆಗೆ ಇಡೀ ಯಂತ್ರದ ರೂಪವನ್ನು ಬದಲಿಸುವ ಅಧಿಕಾರ ಸಿಕ್ಕಿಬಿಟ್ಟಿತ್ತು. ತೀವ್ರ ಆಕ್ಷೇಪಗಳು ಬಂದವು, ಮತ್ತು ಕೆಲವೇ ದಿನಗಳಲ್ಲಿ ಫೆಡೋರಾ ತಂಡ ರೂಟ್ ಪಾಸ್‌ವರ್ಡ್ ಕೇಳುವ ಹಳೆಯ ಕ್ರಮಕ್ಕೇ ಮರಳಿತು.

ಈ ಪ್ರಸಂಗದಲ್ಲಿ ಎರಡೂ ಕಡೆಯವರ ತರ್ಕ ಸರಿಯಾಗಿಯೇ ಇತ್ತು. ಅವರ ಕಣ್ಣ ಮುಂದಿದ್ದ ಕಂಪ್ಯೂಟರುಗಳು ಮಾತ್ರ ಬೇರೆ ಬೇರೆ. ಒಂದೇ ಕಾರ್ಯಾಚರಣ ವ್ಯವಸ್ಥೆಯನ್ನು ಮೇಜಿನ ಮೇಲಿನ ಯಂತ್ರಕ್ಕೂ, ಮನುಷ್ಯರ ಮುಖವನ್ನೇ ನೋಡದೆ ಡೇಟಾ ಸೆಂಟರಿನಲ್ಲಿ ಓಡುವ ಸರ್ವರ್‌ಗೂ ಹಾಕುವ ಕಾಲದಲ್ಲಿ ಈ ಬಗೆಯ ತಿಕ್ಕಾಟ ಮತ್ತೆ ಮತ್ತೆ ಬರುತ್ತದೆ. ಇದನ್ನು ಸಾಮಾನ್ಯವಾಗಿ ಒಂದು ತಕ್ಕಡಿಯೆಂಬಂತೆ ಚರ್ಚಿಸಲಾಗುತ್ತದೆ: ಅನುಕೂಲ ಹೆಚ್ಚಿದಷ್ಟೂ ಸುರಕ್ಷತೆ ಕಡಿಮೆ, ಸುರಕ್ಷತೆ ಹೆಚ್ಚಿದಷ್ಟೂ ಅನುಕೂಲ ಕಡಿಮೆ, ಆದ್ದರಿಂದ ನಡುವೆ ಎಲ್ಲೋ ನಿಲ್ಲಬೇಕು ಎಂದು. ಈ ಚಿತ್ರವೇ ತಪ್ಪು ದಾರಿಗೆ ಎಳೆಯುತ್ತದೆ ಎಂಬುದು ನನ್ನ ಅಭಿಪ್ರಾಯ. ಅನುಕೂಲ ಯಂತ್ರದ ಮುಂದೆ ಕುಳಿತವರಿಗೆ ಬೇಕಾದದ್ದು; ಅಪಾಯ ಬಹುಪಾಲು ಬರುವುದು ನೆಟ್‌ವರ್ಕಿನ ಆಚೆಯಿಂದ. ಇವರಿಬ್ಬರನ್ನು ಬೇರೆ ಬೇರೆಯಾಗಿ ಗುರುತಿಸಬಲ್ಲ ಡೀಫಾಲ್ಟ್‌ಗೆ ರಾಜಿಯ ಅಗತ್ಯ ಬಹಳ ಕಡಿಮೆ. ಗುರುತಿಸಲಾರದ ಡೀಫಾಲ್ಟ್ ಒಂದೋ ಮಾಲೀಕರನ್ನು ಪೀಡಿಸುತ್ತದೆ, ಇಲ್ಲವೇ ಅಪರಿಚಿತರನ್ನು ಒಳಗೆ ಬಿಡುತ್ತದೆ.

ಡೀಫಾಲ್ಟ್ ಸೆಟ್ಟಿಂಗ್ ಎಂದರೆ ನಾವು ಏನನ್ನೂ ಆರಿಸದೇ ಇದ್ದಾಗ ವ್ಯವಸ್ಥೆ ನಮ್ಮ ಪರವಾಗಿ ಆರಿಸಿಕೊಂಡಿರುವುದು. ‘ಬೇಕಾದವರು ಬದಲಿಸಿಕೊಳ್ಳಬಹುದಲ್ಲ’ ಎಂಬ ಮಾತು ಈ ಚರ್ಚೆಗಳಲ್ಲಿ ಪದೇ ಪದೇ ಕೇಳಿಬರುತ್ತದೆ. ಬದಲಿಸಬಲ್ಲವರಿಗೆ ಅದು ಸರಿಯಾದ ಉತ್ತರವೇ. ಆದರೆ ಪೋರ್ಟ್ ಎಂದರೇನೆಂದು ತಿಳಿಯದ, ತಿಳಿಯಬೇಕಾದ ಅಗತ್ಯವೂ ಇಲ್ಲದ ಬಹುಸಂಖ್ಯೆಯ ಜನರ ಪಾಲಿಗೆ ಡೀಫಾಲ್ಟೇ ಅಂತಿಮ ಸೆಟ್ಟಿಂಗ್. ಅವರ ಯಂತ್ರ ಎಷ್ಟು ಭದ್ರವಾಗಿದೆ ಎಂಬುದು ಅವರ ಜಾಗರೂಕತೆಯನ್ನಲ್ಲ, ದೂರದಲ್ಲೆಲ್ಲೋ ಕುಳಿತ ಕೆಲವು ಎಂಜಿನಿಯರ್‌ಗಳ ತೀರ್ಮಾನವನ್ನು ಅವಲಂಬಿಸಿರುತ್ತದೆ.

ಆ ತೀರ್ಮಾನ ತಪ್ಪಿದಾಗ ಏನಾಗುತ್ತದೆ ಎಂಬುದನ್ನು ಈ ಶತಮಾನದ ಮೊದಲ ವರ್ಷಗಳಲ್ಲಿ ವಿಂಡೋಸ್ ಬಳಕೆದಾರರು ಅನುಭವಿಸಿದರು. ವಿಂಡೋಸ್ 2000 ಸರ್ವರ್ ಇನ್‌ಸ್ಟಾಲ್ ಮಾಡಿದರೆ ಅದರ ಜೊತೆಗೇ ಐಐಎಸ್ ಎಂಬ ವೆಬ್ ಸರ್ವರ್ ಕೂಡ ಬಂದು ಕೂರುತ್ತಿತ್ತು. ಕೇವಲ ಫೈಲು ಹಂಚಿಕೊಳ್ಳಲೆಂದು ಆ ಯಂತ್ರವನ್ನು ಇಟ್ಟುಕೊಂಡವರಿಗೆ, ತಾವು ವೆಬ್ ಸರ್ವರ್ ನಡೆಸುತ್ತಿದ್ದೇವೆಂಬ ಕಲ್ಪನೆಯೇ ಇರಲಿಲ್ಲ. 2001ರ ಜುಲೈನಲ್ಲಿ ಕೋಡ್ ರೆಡ್, ಸೆಪ್ಟೆಂಬರ್‌ನಲ್ಲಿ ನಿಮ್ಡಾ ಎಂಬ ವರ್ಮ್‌ಗಳು, ಅಂದರೆ ಯಂತ್ರದಿಂದ ಯಂತ್ರಕ್ಕೆ ತಾವಾಗಿ ಹರಡುವ ದುಷ್ಟ ತಂತ್ರಾಂಶಗಳು, ಇಂಥ ಯಂತ್ರಗಳನ್ನು ಹುಡುಕಿ ಹುಡುಕಿ ಆಕ್ರಮಿಸಿದವು. ಮುಂದೆ ವಿಂಡೋಸ್ ಸರ್ವರ್ 2003 ಬಂದಾಗ ಐಐಎಸ್ ತಾನಾಗಿ ಇನ್‌ಸ್ಟಾಲ್ ಆಗುವುದು ನಿಂತಿತ್ತು.

ಡೆಸ್ಕ್‌ಟಾಪಿನ ಕಥೆ ಇದಕ್ಕಿಂತ ಕಠಿಣವಾದದ್ದು. 2001ರ ವಿಂಡೋಸ್ ಎಕ್ಸ್‌ಪಿಯೊಳಗೆ, ಹೊರಗಿನಿಂದ ಬರುವ ಸಂಪರ್ಕಗಳನ್ನು ತಡೆಯುವ ಒಂದು ಫೈರ್‌ವಾಲ್ ಇತ್ತು, ಆದರೆ ಅದನ್ನು ಆಫ್ ಮಾಡಿಯೇ ಕೊಟ್ಟಿದ್ದರು. ಆನ್ ಇದ್ದರೆ ಹಳೆಯ ತಂತ್ರಾಂಶಗಳ ಕೆಲಸ ಕೆಟ್ಟೀತೆಂಬ ಆತಂಕ ಅದಕ್ಕೆ ಕಾರಣ. 2003ರ ಆಗಸ್ಟ್‌ನಲ್ಲಿ ಬ್ಲಾಸ್ಟರ್ ವರ್ಮ್ ಹರಡಿತು. ಅದು ಬಳಸಿಕೊಂಡ ದೋಷಕ್ಕೆ ಜುಲೈನಲ್ಲಿಯೇ ಪರಿಹಾರ ಬಿಡುಗಡೆಯಾಗಿತ್ತು, ಆದರೆ ಅದನ್ನು ಹಾಕಿಕೊಂಡವರು ಕಡಿಮೆ. ಇಂಟರ್ನೆಟ್ಟಿಗೆ ನೇರವಾಗಿ ಸೇರಿಸಿದ ಕಂಪ್ಯೂಟರು, ಅದರ ಮುಂದೆ ಕುಳಿತವರು ಏನನ್ನೂ ಒತ್ತದೆಯೇ, ಯಾವ ಫೈಲನ್ನೂ ತೆರೆಯದೆಯೇ ಸೋಂಕಿಗೆ ಒಳಗಾಗುತ್ತಿತ್ತು. ಒಂದು ನಿಮಿಷದ ಗಡುವು ತೋರಿಸಿ ತಾನೇ ರೀಸ್ಟಾರ್ಟ್ ಆಗುತ್ತಿದ್ದ ಆ ಕಿಟಕಿ ಆ ಕಾಲದ ಸೈಬರ್ ಸೆಂಟರ್‌ಗಳಲ್ಲಿ ಕೆಲಸ ಮಾಡಿದವರಿಗೆ ನೆನಪಿರಬಹುದು. ಪೆಟ್ಟಿಗೆಯೊಳಗೇ ಇದ್ದ ಆ ಫೈರ್‌ವಾಲ್ ಆನ್ ಆಗಿದ್ದರೆ ಪರಿಹಾರ ಹಾಕದ ಯಂತ್ರವೂ ಹೊರಗಿನ ಈ ದಾಳಿಯಿಂದ ಉಳಿಯುತ್ತಿತ್ತು. 2004ರ ಆಗಸ್ಟ್‌ನಲ್ಲಿ ಬಂದ ಸರ್ವಿಸ್ ಪ್ಯಾಕ್ 2 ಅದನ್ನು ಡೀಫಾಲ್ಟ್ ಆಗಿ ಆನ್ ಮಾಡಿತು. ಹೊಸ ತಂತ್ರಜ್ಞಾನವನ್ನೇನೂ ಕಂಡುಹಿಡಿಯದೆ, ಬಹುಮಟ್ಟಿಗೆ ಒಂದು ಆಯ್ಕೆಯನ್ನು ತಿರುಗಿಸಿದ್ದರಿಂದಲೇ ಕೋಟ್ಯಂತರ ಜನರ ಸ್ಥಿತಿ ಬದಲಾಯಿತು.

ಇನ್ನೊಂದು ತುದಿಯ ತಪ್ಪೂ ಅಲ್ಲಿಯೇ ನಡೆಯಿತು. 2007ರಲ್ಲಿ ಜನರ ಕೈಸೇರಿದ ವಿಂಡೋಸ್ ವಿಸ್ಟಾ, ಸಣ್ಣಪುಟ್ಟ ಬದಲಾವಣೆಗೂ ಪರದೆಯನ್ನು ಮಬ್ಬಾಗಿಸಿ ಅನುಮತಿ ಕೇಳತೊಡಗಿತು. ಹತ್ತು ಸಲ ಕೇಳಿದ ಮೇಲೆ ಹನ್ನೊಂದನೆಯ ಸಲ ಯಾರೂ ಓದುವುದಿಲ್ಲ. ಕೈ ತಾನಾಗಿ ‘ಹೌದು’ ಒತ್ತುತ್ತದೆ, ಅಥವಾ ಆ ವ್ಯವಸ್ಥೆಯನ್ನೇ ನಿಲ್ಲಿಸುವುದು ಹೇಗೆಂದು ಹುಡುಕುತ್ತದೆ. 2009ರ ವಿಂಡೋಸ್ 7ರಲ್ಲಿ ಪ್ರಶ್ನೆಗಳನ್ನು ಕಡಿಮೆ ಮಾಡಲಾಯಿತು. ಬಳಕೆದಾರರಿಗೆ ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳುವುದರಿಂದ ಸುರಕ್ಷತೆ ಹೆಚ್ಚುವುದಿಲ್ಲ, ಹೊಣೆ ಮಾತ್ರ ಅವರ ತಲೆಗೆ ದಾಟುತ್ತದೆ.

ಈ ಎರಡೂ ಪಾಠಗಳನ್ನು ಬಲ್ಲವರೇ ನಿರ್ಧರಿಸಿದ, ಆದರೂ ವಿವಾದವಾಗಿ ಉಳಿದಿರುವ ಪ್ರಕರಣವೆಂದರೆ ಫೆಡೋರಾ ವರ್ಕ್‌ಸ್ಟೇಶನ್ನಿನ ಫೈರ್‌ವಾಲ್. ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 2014ರ ಡಿಸೆಂಬರ್‌ನಲ್ಲಿ ಫೆಡೋರಾ 21 ಬಂದಾಗ ಅದು ವರ್ಕ್‌ಸ್ಟೇಶನ್, ಸರ್ವರ್, ಕ್ಲೌಡ್ ಎಂದು ಮೂರು ಆವೃತ್ತಿಗಳಾಗಿ ಕವಲೊಡೆದಿತ್ತು. ಎಲ್ಲರಿಗೂ ಒಂದೇ ಅಳತೆಯ ಸೆಟ್ಟಿಂಗ್ ಹೊಂದುವುದಿಲ್ಲ ಎಂಬ ತಿಳಿವಳಿಕೆಯೇ ಇದರ ಹಿಂದಿತ್ತು, ಮತ್ತು ಅದು ಸರಿಯಾದ ಹೆಜ್ಜೆ. ಸರ್ವರ್ ಆವೃತ್ತಿಯ ಫೈರ್‌ವಾಲ್ ಹೊರಗಿನಿಂದ ಬರುವ ಸಂಪರ್ಕಗಳಲ್ಲಿ ದೂರದಿಂದ ಲಾಗಿನ್ ಆಗಲು ಬೇಕಾದ ಎಸ್‌ಎಸ್‌ಎಚ್, ನಿರ್ವಹಣೆಗೆ ಬೇಕಾದ ಕಾಕ್‌ಪಿಟ್, ವಿಳಾಸ ಪಡೆಯಲು ಬೇಕಾದ ಸಣ್ಣ ವ್ಯವಸ್ಥೆ, ಇಷ್ಟನ್ನು ಮಾತ್ರ ಒಳಬಿಡುತ್ತದೆ. ವರ್ಕ್‌ಸ್ಟೇಶನ್ನಿನಲ್ಲಿಯೂ ಫೈರ್‌ವಾಲ್ ಆನ್ ಇರುತ್ತದೆ, ಆದರೆ 1025ರಿಂದ 65535ರವರೆಗಿನ ಎಲ್ಲ ಪೋರ್ಟ್‌ಗಳನ್ನೂ, ಟಿಸಿಪಿ ಮತ್ತು ಯುಡಿಪಿ ಎಂಬ ಎರಡೂ ಸಂವಹನ ವಿಧಾನಗಳಲ್ಲಿ, ತೆರೆದಿಡುತ್ತದೆ.

ಪೋರ್ಟ್ ಎಂದರೆ ಒಂದೇ ಯಂತ್ರದಲ್ಲಿ ಓಡುವ ಹಲವು ತಂತ್ರಾಂಶಗಳಲ್ಲಿ ಯಾವುದಕ್ಕೆ ಈ ಸಂದೇಶ ಸೇರಬೇಕೆಂದು ತಿಳಿಸುವ ಸಂಖ್ಯೆ. 1024ಕ್ಕಿಂತ ಕೆಳಗಿನ ಸಂಖ್ಯೆಗಳನ್ನು ಬಳಸಲು ಲಿನಕ್ಸಿನಲ್ಲಿ ಸಾಮಾನ್ಯವಾಗಿ ರೂಟ್ ಅಧಿಕಾರ ಬೇಕು. ಅದರ ಮೇಲಿನವನ್ನು ಯಾವ ಬಳಕೆದಾರರ ಯಾವ ತಂತ್ರಾಂಶವಾದರೂ ಬಳಸಬಹುದು. ಫೆಡೋರಾ ತಂಡದ ವಾದದಲ್ಲಿ ಸತ್ವವಿತ್ತು. ಟಿವಿಗೆ ವಿಡಿಯೋ ಕಳಿಸುವುದು, ಫೋನನ್ನು ಲ್ಯಾಪ್‌ಟಾಪಿಗೆ ಬೆಸೆಯುವ ಕೆಡಿಇ ಕನೆಕ್ಟ್, ಸ್ನೇಹಿತರೊಡನೆ ಆಡುವ ಆಟಗಳು, ಇವೆಲ್ಲ ಮೇಲಿನ ಪೋರ್ಟ್‌ಗಳನ್ನೇ ಬಳಸುತ್ತವೆ. ಅವನ್ನು ಮುಚ್ಚಿದರೆ ಬಳಕೆದಾರರಿಗೆ ಕಾಣುವುದು ‘ಫೈರ್‌ವಾಲ್ ತಡೆಯಿತು’ ಎಂಬ ಸಂದೇಶವಲ್ಲ. ‘ಇದು ಕೆಲಸ ಮಾಡುತ್ತಿಲ್ಲ’ ಎಂಬ ಮೌನ. ಆಗ ಅವರು ಎಲ್ಲೋ ಓದಿಕೊಂಡು ಇಡೀ ಫೈರ್‌ವಾಲನ್ನೇ ನಿಲ್ಲಿಸುತ್ತಾರೆ, ಮತ್ತೆ ಎಂದೂ ಆನ್ ಮಾಡುವುದಿಲ್ಲ. ಅದಕ್ಕಿಂತ ಅರ್ಧ ತೆರೆದದ್ದೇ ಲೇಸು ಎಂಬುದು ಅವರ ಲೆಕ್ಕ.

ಈ ಲೆಕ್ಕದಲ್ಲಿ ಬಿಟ್ಟುಹೋದದ್ದೇನು ಎಂಬುದನ್ನು ಒಂದು ಸಣ್ಣ ಉದಾಹರಣೆಯಲ್ಲಿ ನೋಡಬಹುದು. ಬೆಂಗಳೂರಿನ ಒಂದು ಪಿಜಿಯಲ್ಲಿರುವ ಎಂಜಿನಿಯರಿಂಗ್ ವಿದ್ಯಾರ್ಥಿನಿಯೊಬ್ಬಳು ತನ್ನ ಪ್ರಾಜೆಕ್ಟಿನ ವೆಬ್‌ಪುಟಗಳನ್ನು ನೋಡಿಕೊಳ್ಳಲು ಪೈಥಾನ್ ಭಾಷೆಯ ಜೊತೆಗೇ ಬರುವ ಪುಟ್ಟ ವೆಬ್ ಸರ್ವರನ್ನು ತನ್ನ ಹೋಮ್ ಫೋಲ್ಡರಿನಲ್ಲಿ ಚಾಲೂ ಮಾಡುತ್ತಾಳೆ ಎಂದುಕೊಳ್ಳೋಣ. ಅದು ಡೀಫಾಲ್ಟ್ ಆಗಿ 8000ನೆಯ ಪೋರ್ಟಿನಲ್ಲಿ, ತನ್ನ ಯಂತ್ರಕ್ಕೆ ಮಾತ್ರ ಸೀಮಿತವಾಗದೆ ಎಲ್ಲ ನೆಟ್‌ವರ್ಕ್ ವಿಳಾಸಗಳಲ್ಲೂ ಕಿವಿಗೊಟ್ಟು ಕೂರುತ್ತದೆ. ಫೆಡೋರಾ ವರ್ಕ್‌ಸ್ಟೇಶನ್ನಿನ ಫೈರ್‌ವಾಲ್ 8000ವನ್ನು ತಡೆಯುವುದಿಲ್ಲ. ಒಂದೇ ವೈಫೈನಲ್ಲಿರುವವರು ಪರಸ್ಪರ ಸಂಪರ್ಕಿಸದಂತೆ ರೌಟರ್ ತಡೆಯದಿದ್ದರೆ, ಅದೇ ಕಟ್ಟಡದ ಯಾರಾದರೂ ಆಕೆಯ ಲ್ಯಾಪ್‌ಟಾಪಿನ ವಿಳಾಸವನ್ನು ಬ್ರೌಸರಿನಲ್ಲಿ ಹಾಕಿ ಆಕೆಯ ಫೈಲುಗಳ ಪಟ್ಟಿಯನ್ನು ನೋಡಬಹುದು. ಇಲ್ಲಿ ಪೈಥಾನಿನ ಡೀಫಾಲ್ಟ್ ಒಂದು, ಫೆಡೋರಾದ ಡೀಫಾಲ್ಟ್ ಇನ್ನೊಂದು. ಒಂದೊಂದಾಗಿ ನೋಡಿದರೆ ಎರಡಕ್ಕೂ ಸಮರ್ಥನೆ ಇದೆ, ಕೂಡಿದಾಗ ಮಾತ್ರ ಅಪಾಯ. ತಂತ್ರಾಂಶ ಬರೆಯುವವರ ಯಂತ್ರಗಳಲ್ಲಿ ಇದು ಅಪರೂಪವೂ ಅಲ್ಲ: ಪೋಸ್ಟ್‌ಗ್ರೆಸ್ 5432, ರೆಡಿಸ್ 6379, ಮೊಂಗೊಡಿಬಿ 27017, ಈ ಡೇಟಾಬೇಸ್ ತಂತ್ರಾಂಶಗಳೆಲ್ಲದರ ನೆಲೆ 1024ರ ಮೇಲೆಯೇ.

ನನಗೆ ಫೆಡೋರಾದ ಈ ತೀರ್ಮಾನ ಒಪ್ಪಿಗೆಯಾಗದಿರಲು ಕಾರಣ ಅದು ಸಡಿಲವೆಂಬುದಲ್ಲ. ಮನೆಯ ವೈಫೈ ಯಾವುದು, ರೈಲು ನಿಲ್ದಾಣದ ವೈಫೈ ಯಾವುದು ಎಂಬ ವ್ಯತ್ಯಾಸವನ್ನು ಅದು ಮಾಡುವುದೇ ಇಲ್ಲ. ಒಂದೊಂದು ಸಂಪರ್ಕಕ್ಕೆ ಒಂದೊಂದು ವಲಯ ಎಂದು ಹಂಚುವ ಸೌಲಭ್ಯ ಆ ಫೈರ್‌ವಾಲಿನ ರಚನೆಯಲ್ಲೇ ಇದೆ. ವಿಂಡೋಸ್ ಹೊಸ ನೆಟ್‌ವರ್ಕನ್ನು ಸಾರ್ವಜನಿಕ ಅಥವಾ ಖಾಸಗಿ ಎಂದು ವಿಂಗಡಿಸುವುದನ್ನು ನಾವೆಲ್ಲ ಕಂಡಿದ್ದೇವೆ. ‘ಇದು ನಿಮ್ಮ ಮನೆಯೇ?’ ಎಂಬುದು ಬಳಕೆದಾರರಿಗೆ ಉತ್ತರ ಗೊತ್ತಿರುವ ಪ್ರಶ್ನೆ. ‘47808ನೆಯ ಪೋರ್ಟ್ ತೆರೆಯಲೇ?’ ಎಂಬುದು ಹಾಗಲ್ಲ.

ಉಬುಂಟು ಎಂಬ ಇನ್ನೊಂದು ಲಿನಕ್ಸ್ ಬೇರೆ ದಾರಿ ಹಿಡಿಯಿತು. ಅದರಲ್ಲಿ ಯುಎಫ್‌ಡಬ್ಲ್ಯು ಎಂಬ ಫೈರ್‌ವಾಲ್ ಸಾಧನ ಇದೆ, ಆದರೆ ಅದು ಡೀಫಾಲ್ಟ್ ಆಗಿ ನಿಷ್ಕ್ರಿಯ. ಇದನ್ನು ಕೇಳಿ ಹಲವರು ಬೆಚ್ಚಿಬೀಳುತ್ತಾರೆ. ಆದರೆ ಉಬುಂಟುವಿನ ನೀತಿ ಹೀಗಿದೆ: ಹೊಸದಾಗಿ ಇನ್‌ಸ್ಟಾಲ್ ಮಾಡಿದ ಡೆಸ್ಕ್‌ಟಾಪಿನಲ್ಲಿ, ಒಪ್ಪಿತವಾದ ಒಂದೆರಡು ವಿನಾಯಿತಿಗಳ ಹೊರತು, ಹೊರಗಿನ ನೆಟ್‌ವರ್ಕಿಗೆ ಕಿವಿಗೊಡುವ ಯಾವ ಸೇವೆಯೂ ಓಡಬಾರದು. ಎಸ್‌ಎಸ್‌ಎಚ್ ಸರ್ವರ್ ಕೂಡ ಡೆಸ್ಕ್‌ಟಾಪಿನಲ್ಲಿ ಇರುವುದಿಲ್ಲ, ಬೇಕಾದವರು ಹಾಕಿಕೊಳ್ಳಬೇಕು. ಬಾಗಿಲೇ ಇಲ್ಲದ ಗೋಡೆಗೆ ಬೀಗ ಬೇಕಾಗುವುದಿಲ್ಲ. ಕೇಳಿಸಿಕೊಳ್ಳುವವರೇ ಇಲ್ಲದಿದ್ದರೆ ಮಾಲೀಕರಿಗೆ ಯಾವ ತೊಂದರೆಯೂ ಆಗದೆ ಆಕ್ರಮಣದ ದಾರಿ ಮುಚ್ಚಿಹೋಗುತ್ತದೆ ಎಂಬ ಕಾರಣಕ್ಕೆ ಈ ನೀತಿಯನ್ನು ನಾನು ಹೆಚ್ಚು ಗೌರವಿಸುತ್ತೇನೆ. ಅದರ ದೌರ್ಬಲ್ಯ ವಿನಾಯಿತಿಗಳಲ್ಲಿದೆ. 2024ರ ಸೆಪ್ಟೆಂಬರ್‌ನಲ್ಲಿ ಬಯಲಾದ ಕಪ್ಸ್ ಮುದ್ರಣ ವ್ಯವಸ್ಥೆಯ ದೋಷಗಳು ಇದನ್ನು ತೋರಿಸಿಕೊಟ್ಟವು. ನೆಟ್‌ವರ್ಕಿನಲ್ಲಿರುವ ಪ್ರಿಂಟರುಗಳನ್ನು ತಾನಾಗಿ ಹುಡುಕಿಕೊಡುವ ಒಂದು ಸಹಾಯಕ ತಂತ್ರಾಂಶ 631ನೆಯ ಯುಡಿಪಿ ಪೋರ್ಟಿನಲ್ಲಿ ಯಾರು ಏನು ಹೇಳಿದರೂ ಕೇಳಿಸಿಕೊಳ್ಳುತ್ತಿತ್ತು. ದಾಳಿಕೋರರು ಒಂದು ಸುಳ್ಳು ಪ್ರಿಂಟರನ್ನು ಅದಕ್ಕೆ ಪರಿಚಯಿಸಿದರೆ, ಮುಂದೆ ಯಾರಾದರೂ ಆ ಪ್ರಿಂಟರಿಗೆ ಒಂದು ಪುಟ ಕಳಿಸಿದಾಗ ದಾಳಿಕೋರರ ಆದೇಶ ಯಂತ್ರದಲ್ಲಿ ಓಡುವ ಸಾಧ್ಯತೆ ಇತ್ತು.

ಹಾಗಾದರೆ ಮುಂದೆ ಕುಳಿತವರನ್ನೂ ದೂರದವರನ್ನೂ ಬೇರ್ಪಡಿಸುವ ಕೆಲಸ ಎಲ್ಲಿಯಾದರೂ ಚೆನ್ನಾಗಿ ಆಗಿದೆಯೇ? ಆಗಿದೆ, ಮತ್ತು ಬಹಳ ಜನರ ಗಮನಕ್ಕೆ ಬಾರದೆ ಆಗಿದೆ. ಲಿನಕ್ಸ್ ಡೆಸ್ಕ್‌ಟಾಪಿಗೆ ಪೆನ್‌ಡ್ರೈವ್ ಚುಚ್ಚಿದರೆ ಪಾಸ್‌ವರ್ಡ್ ಕೇಳದೆ ಅದು ತೆರೆದುಕೊಳ್ಳುತ್ತದೆ. ಅದೇ ಯಂತ್ರಕ್ಕೆ, ಅದೇ ಬಳಕೆದಾರರ ಹೆಸರಿನಲ್ಲಿ, ಬೇರೆ ಊರಿನಿಂದ ಎಸ್‌ಎಸ್‌ಎಚ್ ಮೂಲಕ ಬಂದು ಅದೇ ಪೆನ್‌ಡ್ರೈವನ್ನು ತೆರೆಯಹೋದರೆ ನಿರ್ವಾಹಕರ ಪಾಸ್‌ವರ್ಡ್ ಕೇಳುತ್ತದೆ. ಇದರ ಹಿಂದೆ ಇರುವುದು ಪೋಲ್‌ಕಿಟ್ ಎಂಬ ವ್ಯವಸ್ಥೆ. ಅದು ಪ್ರತಿಯೊಂದು ಕೆಲಸಕ್ಕೂ ಮೂರು ಉತ್ತರಗಳನ್ನು ಬರೆದಿಟ್ಟುಕೊಂಡಿರುತ್ತದೆ: ಈಗ ಪರದೆಯ ಮುಂದೆ ಸಕ್ರಿಯವಾಗಿರುವವರಿಗೆ ಒಂದು, ಅದೇ ಯಂತ್ರದಲ್ಲಿ ಲಾಗಿನ್ ಆಗಿದ್ದರೂ ಪರದೆಯನ್ನು ಬೇರೆಯವರಿಗೆ ಬಿಟ್ಟುಕೊಟ್ಟಿರುವವರಿಗೆ ಒಂದು, ಉಳಿದೆಲ್ಲರಿಗೂ ಇನ್ನೊಂದು. ಕೇಳಬೇಕಾದ ಪ್ರಶ್ನೆ ‘ಇದು ಡೆಸ್ಕ್‌ಟಾಪೋ ಸರ್ವರೋ’ ಎಂಬುದಲ್ಲ, ‘ಕೇಳುತ್ತಿರುವವರು ಎಲ್ಲಿದ್ದಾರೆ’ ಎಂಬುದು ಎಂದು ಈ ರಚನೆ ಕಂಡುಕೊಂಡಿದೆ. ಮೊದಲಿಗೆ ಹೇಳಿದ ಫೆಡೋರಾ 12ರ ನಿರ್ಧಾರವೂ ಇದೇ ಪೋಲ್‌ಕಿಟ್ಟಿನ ಮೇಲೆ ನಿಂತಿತ್ತು ಎಂಬುದು ಗಮನಿಸಬೇಕಾದ ಸಂಗತಿ. ಅಲ್ಲಿ ಎಡವಿದ್ದು ಅಧಿಕಾರದ ವ್ಯಾಪ್ತಿಯಲ್ಲಿ. ಮುಂದೆ ಕುಳಿತವರು ತಮ್ಮ ಪೆನ್‌ಡ್ರೈವ್ ತೆರೆದರೆ ಅದರ ಪರಿಣಾಮ ಬಹುಮಟ್ಟಿಗೆ ಅವರಿಗೇ ಸೀಮಿತ. ತಂತ್ರಾಂಶ ಇನ್‌ಸ್ಟಾಲ್ ಮಾಡಿದರೆ ಆ ಯಂತ್ರ ಬಳಸುವ ಎಲ್ಲರಿಗೂ ತಟ್ಟುತ್ತದೆ.

ರಾಸ್ಪ್‌ಬೆರಿ ಪೈ ಇದೇ ಅರಿವಿಗೆ ಹಂತ ಹಂತವಾಗಿ ಬಂದಿತು. ಆ ಪುಟ್ಟ ಕಂಪ್ಯೂಟರಿನಲ್ಲಿ ಮೊದಲಿಗೆ ಎಸ್‌ಎಸ್‌ಎಚ್ ಆನ್ ಇರುತ್ತಿತ್ತು, ಬಳಕೆದಾರರ ಹೆಸರು ‘ಪೈ’, ಪಾಸ್‌ವರ್ಡ್ ‘ರಾಸ್ಪ್‌ಬೆರಿ’. ಮಾನಿಟರ್, ಕೀಬೋರ್ಡ್ ಇಲ್ಲದೆ ಬಳಸುವ ಮಕ್ಕಳಿಗೂ ಹವ್ಯಾಸಿಗಳಿಗೂ ಅದು ದೊಡ್ಡ ಅನುಕೂಲ. ಕಾರ್ಖಾನೆಯಿಂದ ಬಂದ ಪಾಸ್‌ವರ್ಡುಗಳನ್ನೇ ಪ್ರಯತ್ನಿಸಿ ಕ್ಯಾಮೆರಾ, ರೌಟರುಗಳನ್ನು ವಶಪಡಿಸಿಕೊಂಡ ಮಿರಾಯ್ ಬಾಟ್‌ನೆಟ್ (ದಾಳಿಕೋರರ ಹಿಡಿತದಲ್ಲಿರುವ ಯಂತ್ರಗಳ ಜಾಲ) ಕಾಣಿಸಿಕೊಂಡ 2016ರಲ್ಲೇ, ನವೆಂಬರ್ ತಿಂಗಳಲ್ಲಿ, ಎಸ್‌ಎಸ್‌ಎಚ್ ಅನ್ನು ಡೀಫಾಲ್ಟ್ ಆಗಿ ಆಫ್ ಮಾಡಲಾಯಿತು. 2022ರ ಏಪ್ರಿಲ್‌ನಲ್ಲಿ ‘ಪೈ’ ಎಂಬ ಸಿದ್ಧ ಖಾತೆಯನ್ನೂ ತೆಗೆದುಹಾಕಲಾಯಿತು. ಆದರೆ ಮಾನಿಟರ್ ಇಲ್ಲದವರನ್ನು ಕೈಬಿಡಲಿಲ್ಲ: ಮೆಮರಿ ಕಾರ್ಡಿನ ಬೂಟ್ ಭಾಗದಲ್ಲಿ ‘ಎಸ್‌ಎಸ್‌ಎಚ್’ ಎಂಬ ಹೆಸರಿನ ಖಾಲಿ ಫೈಲೊಂದನ್ನು ಇಟ್ಟರೆ ಸೇವೆ ಚಾಲೂ ಆಗುತ್ತದೆ. ಆ ಕಾರ್ಡು ಯಾರ ಕೈಯಲ್ಲಿದೆಯೋ ಅವರಿಗೆ ಇದು ಅರ್ಧ ನಿಮಿಷದ ಕೆಲಸ. ನೆಟ್‌ವರ್ಕಿನ ಆಚೆ ಇರುವವರಿಗೆ ಅಸಾಧ್ಯ. ಡೀಫಾಲ್ಟ್ ರೂಪಿಸುವವರ ಕೆಲಸ ಇಷ್ಟು ಅಚ್ಚುಕಟ್ಟಾಗಿ ಮುಗಿಯುವುದು ಅಪರೂಪ.

ಎಲ್ಲ ಪ್ರಕರಣಗಳೂ ಹೀಗೆ ಬಿಡಿಸಿಕೊಳ್ಳುವುದಿಲ್ಲ. ಕೆಲವೆಡೆ ಎದುರುಬದುರಾಗಿ ನಿಲ್ಲುವುದು ಅನುಕೂಲ ಮತ್ತು ಸುರಕ್ಷತೆ ಅಲ್ಲ, ಎರಡು ಬಗೆಯ ಸುರಕ್ಷತೆಗಳು. ಸಾಮಾನ್ಯ ಬಳಕೆದಾರರ ತಂತ್ರಾಂಶವೊಂದು ತನ್ನದೇ ಆದ ಪುಟ್ಟ ಆವರಣ ಕಟ್ಟಿಕೊಂಡು, ಅದರೊಳಗೆ ಮಾತ್ರ ತಾನು ರೂಟ್ ಎಂಬಂತೆ ನಡೆದುಕೊಳ್ಳಲು ಲಿನಕ್ಸಿನ ತಿರುಳಾದ ಕರ್ನಲ್ ಅವಕಾಶ ಕೊಡುತ್ತದೆ. ಇದನ್ನು ಯೂಸರ್ ನೇಮ್‌ಸ್ಪೇಸ್ ಎನ್ನುತ್ತಾರೆ. ಬ್ರೌಸರುಗಳು ನಂಬಿಕೆಗೆ ಅರ್ಹವಲ್ಲದ ವೆಬ್‌ಪುಟಗಳನ್ನು ಇಂಥ ಆವರಣದೊಳಗೆ ಕೂಡಿಹಾಕುತ್ತವೆ, ಆದ್ದರಿಂದ ಡೆಸ್ಕ್‌ಟಾಪಿಗೆ ಇದು ರಕ್ಷಣೆ. ಆದರೆ ಇದೇ ಸೌಲಭ್ಯ ಕರ್ನಲ್ಲಿನ ಎಷ್ಟೋ ಒಳಭಾಗಗಳನ್ನು ಸಾಮಾನ್ಯ ಬಳಕೆದಾರರ ಕೈಗೆಟುಕಿಸುತ್ತದೆ, ಅಲ್ಲಿನ ದೋಷಗಳನ್ನು ಹಿಡಿದು ನಿಜವಾದ ರೂಟ್ ಆಗಿಬಿಟ್ಟ ದಾಳಿಗಳು ಹಲವು. ಆದ್ದರಿಂದ ಬ್ರೌಸರನ್ನೇ ಓಡಿಸದ ಸರ್ವರ್‌ಗೆ ಇದು ಬರಿಯ ಅಪಾಯ. ಡೆಬಿಯನ್ ಎಂಬ ಮತ್ತೊಂದು ಲಿನಕ್ಸ್ ಬಹುಕಾಲ ಇದನ್ನು ರೂಟ್‌ಗೆ ಮಾತ್ರ ಮೀಸಲಿಟ್ಟಿತ್ತು, 2021ರ ಡೆಬಿಯನ್ 11ರಲ್ಲಿ ಲಾಭವೇ ಹೆಚ್ಚೆಂದು ತೀರ್ಮಾನಿಸಿ ಎಲ್ಲರಿಗೂ ತೆರೆಯಿತು. ಉಬುಂಟು ತದ್ವಿರುದ್ಧವಾಗಿ 2024ರ 24.04 ಆವೃತ್ತಿಯಲ್ಲಿ ಬಿಗಿ ಮಾಡಿ, ಗುರುತಿಸಿ ಅನುಮತಿಸಿದ ತಂತ್ರಾಂಶಗಳಿಗೆ ಮಾತ್ರ ಅದರ ಪೂರ್ಣ ಬಳಕೆಯನ್ನು ಬಿಟ್ಟುಕೊಟ್ಟಿತು. ಅದರಿಂದ ಆಪ್‌ಇಮೇಜ್ ಎಂಬ ಒಂದೇ ಫೈಲಿನ ರೂಪದಲ್ಲಿ ಡೌನ್‌ಲೋಡ್ ಮಾಡಿಕೊಂಡ ಹಲವು ತಂತ್ರಾಂಶಗಳು ತೆರೆಯದೇ ಹೋದವು. ಎರಡೂ ತಂಡಗಳು ಸುರಕ್ಷತೆಯ ಹೆಸರಿನಲ್ಲೇ ಎದುರು ದಿಕ್ಕಿಗೆ ನಡೆದವು, ಮತ್ತು ಇವುಗಳಲ್ಲಿ ಒಂದನ್ನು ತಪ್ಪೆಂದು ಹೇಳಲು ನನಗೆ ಆಧಾರ ಕಾಣುವುದಿಲ್ಲ.

ಇಂದು ಹೆಚ್ಚು ಹಾನಿಯಾಗುವುದು ಡೆಸ್ಕ್‌ಟಾಪಿನ ಅಭ್ಯಾಸ ಸರ್ವರಿನೊಳಗೆ ಸದ್ದಿಲ್ಲದೆ ಬರುವಾಗ. ತಂತ್ರಾಂಶಗಳನ್ನು ಪ್ರತ್ಯೇಕ ಆವರಣಗಳಲ್ಲಿ ಕಟ್ಟಿ ಓಡಿಸುವ ಡಾಕರ್ ಅದಕ್ಕೆ ಒಳ್ಳೆಯ ನಿದರ್ಶನ. ಲ್ಯಾಪ್‌ಟಾಪಿನಲ್ಲಿ ಡೇಟಾಬೇಸನ್ನು ಡಾಕರ್ ಮೂಲಕ ಓಡಿಸಿ, 5432ನೆಯ ಪೋರ್ಟನ್ನು ಹೊರಗೆ ಪ್ರಕಟಿಸುವುದು ದಿನನಿತ್ಯದ ಕೆಲಸ. ಅದೇ ಆದೇಶವನ್ನು ಬಾಡಿಗೆಗೆ ಪಡೆದ ಸರ್ವರಿನಲ್ಲಿ ಓಡಿಸಿದರೆ, ಡಾಕರ್ ಆ ಪೋರ್ಟನ್ನು ಡೀಫಾಲ್ಟ್ ಆಗಿ ಎಲ್ಲ ವಿಳಾಸಗಳಲ್ಲೂ ತೆರೆಯುತ್ತದೆ. ಅಷ್ಟೇ ಅಲ್ಲ, ಅದು ಬರೆಯುವ ನಿಯಮಗಳು ಯುಎಫ್‌ಡಬ್ಲ್ಯುನ ನಿಯಮಗಳನ್ನು ದಾಟಿ ಹೋಗುತ್ತವೆ. ನಿರ್ವಾಹಕರು ಫೈರ್‌ವಾಲ್ ಆನ್ ಮಾಡಿ, ಎಸ್‌ಎಸ್‌ಎಚ್ ಬಿಟ್ಟು ಎಲ್ಲವೂ ಮುಚ್ಚಿದೆ ಎಂಬ ವರದಿಯನ್ನೂ ಓದಿ, ನಿಶ್ಚಿಂತೆಯಿಂದ ಇದ್ದರೂ ಡೇಟಾಬೇಸ್ ಇಡೀ ಜಗತ್ತಿಗೆ ತೆರೆದಿರುತ್ತದೆ. ಪ್ರಕಟಿಸುವಾಗ ಪೋರ್ಟ್ ಸಂಖ್ಯೆಗೆ ಮೊದಲು 127.0.0.1 ಎಂಬ ವಿಳಾಸ ಸೇರಿಸಿದರೆ ಸಾಕು, ಅದು ಆ ಯಂತ್ರಕ್ಕೆ ಮಾತ್ರ ಸೀಮಿತವಾಗುತ್ತದೆ. ಮೊಂಗೊಡಿಬಿ ಈ ಬಗೆಯ ಸಂಕಟವನ್ನು ಕಂಡೇ ಪಾಠ ಕಲಿತ ತಂತ್ರಾಂಶ: 2017ರ ಆರಂಭದಲ್ಲಿ ಪಾಸ್‌ವರ್ಡಿಲ್ಲದೆ ತೆರೆದಿದ್ದ ಸಾವಿರಾರು ಡೇಟಾಬೇಸುಗಳನ್ನು ಅಳಿಸಿ ಹಣ ಕೇಳಿದ ದಾಳಿಗಳು ನಡೆದವು, ಮತ್ತು ಅದೇ ವರ್ಷದ ಕೊನೆಗೆ ಬಂದ 3.6ನೆಯ ಆವೃತ್ತಿಯಿಂದ ಅದು, ಯಾವ ರೂಪದಲ್ಲಿ ಇನ್‌ಸ್ಟಾಲ್ ಮಾಡಿದರೂ, ಡೀಫಾಲ್ಟ್ ಆಗಿ ತನ್ನ ಯಂತ್ರಕ್ಕೆ ಮಾತ್ರ ಕಿವಿಗೊಡುವಂತಾಯಿತು.

ನಮ್ಮ ತಾಲ್ಲೂಕು ಕೇಂದ್ರಗಳ ಸಣ್ಣ ಕಚೇರಿ, ಅಂಗಡಿ, ಲೆಕ್ಕಪರಿಶೋಧಕರ ಕೊಠಡಿಗಳಲ್ಲಿ ಡೆಸ್ಕ್‌ಟಾಪ್ ಮತ್ತು ಸರ್ವರ್ ಎಂಬ ವಿಂಗಡಣೆಯೇ ಅನೇಕ ಸಲ ಇರುವುದಿಲ್ಲ. ಬಿಲ್ಲಿಂಗ್ ತಂತ್ರಾಂಶದ ಡೇಟಾ ಇರುವ ಕಂಪ್ಯೂಟರಿನಲ್ಲೇ ಹಗಲೆಲ್ಲ ಇಮೇಲ್ ನೋಡುತ್ತಾರೆ, ಅದೇ ಫೋಲ್ಡರನ್ನು ಪಕ್ಕದ ಎರಡು ಯಂತ್ರಗಳಿಗೆ ‘ಎವ್ರಿಒನ್’ ಹೆಸರಿನಲ್ಲಿ ಪೂರ್ಣ ಅಧಿಕಾರ ಕೊಟ್ಟು ಹಂಚಿರುತ್ತಾರೆ, ಗ್ರಾಹಕರಿಗೂ ಅದೇ ವೈಫೈ ಪಾಸ್‌ವರ್ಡ್ ಕೊಟ್ಟಿರುತ್ತಾರೆ. ಅಂಥ ಯಂತ್ರಕ್ಕೆ ಡೆಸ್ಕ್‌ಟಾಪಿನ ಡೀಫಾಲ್ಟ್ ಸಾಲದು. ಅದನ್ನು ನೋಡಿಕೊಳ್ಳುವವರು ಮೊದಲು ಮಾಡಬೇಕಾದದ್ದು, ಯಾವ ತಂತ್ರಾಂಶ ಯಾವ ವಿಳಾಸದಲ್ಲಿ ಕಿವಿಗೊಟ್ಟು ಕೂತಿದೆ ಎಂದು ಪಟ್ಟಿ ತೆಗೆಯುವುದು. ವಿಂಡೋಸಿನಲ್ಲಿ ನೆಟ್‌ಸ್ಟಾಟ್, ಲಿನಕ್ಸಿನಲ್ಲಿ ಎಸ್‌ಎಸ್ ಎಂಬ ಆದೇಶಗಳು ಅದನ್ನು ಕ್ಷಣದಲ್ಲಿ ತೋರಿಸುತ್ತವೆ. ಪಟ್ಟಿಯಲ್ಲಿ 127.0.0.1 ಎಂದಿರುವುದು ಆ ಯಂತ್ರದೊಳಗಿನ ಮಾತು, 0.0.0.0 ಎಂದಿರುವುದು ನೆಟ್‌ವರ್ಕಿಗೆ ತೆರೆದದ್ದು. ಎರಡನೆಯ ಬಗೆಯ ಒಂದೊಂದು ಸಾಲಿಗೂ ಅದು ಯಾರಿಗಾಗಿ ತೆರೆದಿದೆ ಎಂಬ ಉತ್ತರ ಇರಬೇಕು. ಉತ್ತರ ಸಿಗದ ಸೇವೆಯನ್ನು ನಿಲ್ಲಿಸಿ, ಹಂಚಿದ ಫೋಲ್ಡರಿಗೆ ಹೆಸರಿರುವ ಖಾತೆಗಳಿಗೆ ಮಾತ್ರ ಅನುಮತಿ ಕೊಟ್ಟು, ಗ್ರಾಹಕರ ವೈಫೈಯನ್ನು ರೌಟರಿನ ಗೆಸ್ಟ್ ನೆಟ್‌ವರ್ಕಿಗೆ ಸರಿಸುವುದು ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸ.